ವಾಸನೆ ಹೋದ ಮೇಲೆ

ಸೋಮನಾಥಪುರ
೯ ಏಪ್ರಿಲ್ ೨೦೨೪

ಶಿವರಾಜು ಅವರಿಗೆ ನಮಸ್ಕಾರ.

ನಿಮ್ಮ ಹೆಸರು ನನಗೆ ಗೊತ್ತಾದದ್ದು ನಿಮ್ಮ ಅಂಗಿಯ ಮೇಲಿನ ಪಟ್ಟಿಯಿಂದ. ಆವತ್ತು ಬೇರೆ ಯಾವುದನ್ನೂ ನೋಡಲಾಗದೆ ಅದನ್ನೇ ಮತ್ತೆ ಮತ್ತೆ ಓದುತ್ತ ನಿಂತಿದ್ದೆ. ಫೆಬ್ರವರಿ ಹದಿನಾರರಂದು ನಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಿಂದ ನೀವು ಮೇಲೆತ್ತಿದ ತಿಮ್ಮಯ್ಯನವರ ಹೆಂಡತಿ ನಾನು, ವನಿತಾ. ಇಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಠಾಣೆಗೆ ಒಂದು ಸಲ ಫೋನು ಮಾಡಿದ್ದೆ. ಎತ್ತಿದವರು "ಎಲ್ಲಿ ಬೆಂಕಿ?" ಎಂದು ಕೇಳಿದರು. ಫೋನು ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ಇವತ್ತು ಯುಗಾದಿ. ಈ ವರ್ಷ ನಮಗೆ ಹಬ್ಬವಿಲ್ಲ, ಕೈ ಬಿಡುವಾಗಿದೆ.

ನಿಮಗೆ ಇಂಥವು ಎಷ್ಟೋ ಬರುತ್ತವೆ. ನೆನಪಾಗಲಿ ಎಂದು ಬರೆಯುತ್ತೇನೆ. ಆ ಗುಂಡಿ ಎಂಟು ವರ್ಷದಿಂದ ಮುಚ್ಚಿತ್ತು. ಮೇಲಿನ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ತೂತಾದ ಮೇಲೆ ತೆಗೆದುಹಾಕಿ ಚಪ್ಪಡಿ ಎಳೆದಿದ್ದೆವು. ತಳದಲ್ಲಿ ಒಳ್ಳೆಯ ಗೊಬ್ಬರ ಕೂತಿದೆ, ಗದ್ದೆಗೆ ಹೊಡೆಯೋಣ ಎಂದು ನನ್ನ ಗಂಡ, ಅವರ ತಮ್ಮ ಇಬ್ಬರೂ ಹೊರಟರು. ನಮ್ಮ ಮಾವ ಚಾಮಯ್ಯ ತಮ್ಮ ಕಾಲದಲ್ಲಿ ಊರಿಗೆಲ್ಲ ಹಗೇವು ತೆಗೆದುಕೊಡುತ್ತಿದ್ದವರು. ಹಗೇವು ಎಂದರೆ ನೆಲದೊಳಗೆ ರಾಗಿ ತುಂಬಿಡುವ ಗುಂಡಿ, ನಿಮಗೆ ಗೊತ್ತಿರಬಹುದು. ಬಾಯಿ ತೆಗೆದು ಒಂದು ದಿನ ಹಾಗೇ ಬಿಡಬೇಕು. ಮಾರನೆಯ ದಿನ ಲಾಟೀನು ಇಳಿಬಿಡಬೇಕು. ದೀಪ ಆರದಿದ್ದರೆ ಆಳು ಇಳಿಯಬಹುದು. "ದೀಪ ಉಳ್ಕಂಡ್ರೆ ಆಳೂ ಉಳ್ಕತಾನೆ" ಎನ್ನುತ್ತಿದ್ದರಂತೆ. ಇವರೂ ಹಾಗೇ ಮಾಡಿದರು. ದೀಪ ಆರಲಿಲ್ಲ.

ನನ್ನ ಗಂಡ ಏಣಿ ಇಳಿದು, ಮೇಲೆ ಒಣಗಿ ಗಟ್ಟಿಯಾಗಿದ್ದ ಪದರವನ್ನು ಗುದ್ದಲಿಯಲ್ಲಿ ಒಡೆದರು. ಕೊಳೆತ ಮೊಟ್ಟೆಯ ವಾಸನೆ ಎದ್ದು ಹಿತ್ತಲೆಲ್ಲ ತುಂಬಿತು. ಮಂಕರಿಗೆ ತುಂಬಿ ಕಳಿಸುತ್ತ ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗಿದರು, "ವಾಸ್ನೆ ಓಯ್ತು ಕಣ್ಲಾ, ಇನ್ನೇನಿಲ್ಲ." ತಮ್ಮ ಆ ಮಂಕರಿಯನ್ನು ಹೊತ್ತು ತಿಪ್ಪೆಗೆ ಸುರಿದು ಬರುವಷ್ಟರಲ್ಲಿ ಇವರು ಬಿದ್ದಿದ್ದರು. ನಾನು ರಸ್ತೆಗೆ ಓಡಿದೆ. ಯಾರದೋ ಕಬ್ಬಿನ ಗದ್ದೆಯ ಬೆಂಕಿ ಆರಿಸಿ ಬರುತ್ತಿದ್ದ ನಿಮ್ಮ ಗಾಡಿ ಎದುರಾಯಿತು.

ಏಣಿಯ ಮೇಲೆ ಕಾಲಿಡುತ್ತಿದ್ದವನನ್ನು ನೀವು ಹಿಂದಿನಿಂದ ತಬ್ಬಿ ಹಿಡಿದಿರಲ್ಲ, ಅವನೇ ನನ್ನ ಮೈದುನ, ಮಂಟೇಸ್ವಾಮಿ. ತಿಥಿ ಆದ ಮೇಲೆ ಅವನು ಮನೆಯೊಳಕ್ಕೆ ಬಂದಿಲ್ಲ. ಗದ್ದೆಯ ಪಂಪ್‌ಸೆಟ್ ಮನೆಯಲ್ಲಿ ಮೂರು ಕಲ್ಲು ಹೂಡಿಕೊಂಡು ಬೇಯಿಸಿಕೊಳ್ಳುತ್ತಾನೆ. ಊರಿನವರು "ಅಣ್ಣ ಸಾಯ್ತಿದ್ರೆ ನಿಂತ್ಕಂಡು ನೋಡ್ದ" ಎಂದರು. ಅದಕ್ಕಿಂತ ಕೆಟ್ಟದ್ದೇನನ್ನೋ ಅವನು ತನಗೆ ತಾನೇ ಹೇಳಿಕೊಂಡಿದ್ದಾನೆ. ನಮ್ಮ ಅತ್ತೆ ಮಂಚಮ್ಮನಿಗೆ ಎಪ್ಪತ್ತೈದು. "ಒಬ್ಬ ಗುಂಡಿಗೋದ, ಒಬ್ಬ ಗದ್ದೆಗೋದ" ಎನ್ನುತ್ತ ಬಾಗಿಲಲ್ಲಿ ಕೂತಿರುತ್ತಾರೆ. ಈಗ ಅವನು ಕೊಡಗಿನ ತೋಟಕ್ಕೆ ಹೊರಟುಹೋಗುತ್ತೇನೆ ಎನ್ನುತ್ತಿದ್ದಾನೆ. ಹೋದರೆ ಬರುವವನಲ್ಲ.

ಹೋದ ವಾರ ನಾನು ಹೋಗಿ ಕರೆದೆ. ಅವನು ಹೇಳಿದ್ದು ಇಷ್ಟು: "ಇಡ್ಕಂಡಾಗ ನಮ್ಮಣ್ಣ ಆಗ್ಲೇ ಓಗ್ಬುಟ್ಟಿದ್ದ ಅಂತ ಆ ಫೈರಿನೋರು ಬರ್ದ್ಕೊಟ್ರೆ ಬತ್ತೀನಿ ಅತ್ತಿಗೆ. ಜೀವ ಇತ್ತು ಅಂದ್ರೆ ನಾನು ಆ ಮನೆ ಅನ್ನ ಎಂಗೆ ಉಣ್ಲಿ?"

ಅದಕ್ಕೆ ಕೇಳುತ್ತಿದ್ದೇನೆ. ನೀವು ಅವನನ್ನು ಹಿಡಿದುಕೊಂಡಾಗ ನನ್ನ ಗಂಡನಿಗೆ ಜೀವ ಇತ್ತೇ?

ಇಂತಿ,
ವನಿತಾ

◆

ನಂಜನಗೂಡು
೨೧ ಮೇ ೨೦೨೪

ಶ್ರೀಮತಿ ವನಿತಾ ಅವರಿಗೆ,

ನನಗೆ ಮಾರ್ಚಿನಲ್ಲಿ ನಂಜನಗೂಡು ಠಾಣೆಗೆ ವರ್ಗವಾಯಿತು. ನಿಮ್ಮ ಪತ್ರ ಅಲ್ಲಿಂದ ಇಲ್ಲಿಗೆ ಬಂದು, ಎರಡು ಮೇಜುಗಳ ಮೇಲೆ ಕೂತಿದ್ದು, ನನ್ನ ಕೈ ಸೇರಿತು. ತಡವಾದುದಕ್ಕೆ ಕ್ಷಮೆ ಇರಲಿ. ನಡೆದುದಕ್ಕೆ ನನ್ನ ವಿಷಾದವನ್ನು ಆ ದಿನ ತಿಳಿಸಲು ಅವಕಾಶವಾಗಲಿಲ್ಲ, ಈಗ ತಿಳಿಸುತ್ತಿದ್ದೇನೆ.

ನಮ್ಮ ದಾಖಲೆಯ ಪ್ರಕಾರ ನಾವು ಸ್ಥಳಕ್ಕೆ ಬಂದದ್ದು ಬೆಳಿಗ್ಗೆ ಹತ್ತು ನಲವತ್ತಕ್ಕೆ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳುವ ಉಸಿರಾಟದ ಸೆಟ್ಟುಗಳನ್ನು ಧರಿಸಿ ಇಬ್ಬರು ಸಿಬ್ಬಂದಿ, ಮದನ್ ಮತ್ತು ರವಿಕುಮಾರ್, ಕೆಳಗಿಳಿದರು. ಹತ್ತು ನಲವತ್ನಾಲ್ಕಕ್ಕೆ ನಿಮ್ಮ ಪತಿಯವರನ್ನು ಮೇಲೆ ತರಲಾಯಿತು. ಸೆಟ್ಟು ಇಲ್ಲದೆ ಯಾರನ್ನೂ ಇಳಿಯಲು ಬಿಡಬಾರದು ಎಂಬುದು ನಿಯಮ. ನಿಮ್ಮ ಮೈದುನರನ್ನು ತಡೆದದ್ದು ಆ ನಿಯಮದಂತೆ.

ನೀವು ಕೇಳಿದ ಪ್ರಶ್ನೆಗೆ: ನಾವು ಬರುವಷ್ಟರಲ್ಲೇ ಅವರ ಪ್ರಾಣ ಹೋಗಿತ್ತು. ನಾನು ಮೇಲಿನಿಂದ ಸ್ಪಷ್ಟವಾಗಿ ನೋಡಿದೆ. ಯಾವ ಚಲನೆಯೂ ಇರಲಿಲ್ಲ. ನಿಮ್ಮ ಮೈದುನರಿಗೆ ಈ ಪತ್ರವನ್ನೇ ತೋರಿಸಬಹುದು.

ತಮ್ಮ ವಿಶ್ವಾಸಿ,
ಶಿವರಾಜು
ಲೀಡಿಂಗ್ ಫೈರ್‌ಮನ್

◆

ಸೋಮನಾಥಪುರ
೩ ಜೂನ್ ೨೦೨೪

ಶಿವರಾಜು ಅವರಿಗೆ,

ನಿಮ್ಮ ಕಾಗದ ಬಂತು. ನಾನು ಒಂದು ಸಲ ಓದಿ, ಇಷ್ಟು ಸಾಕು ಎಂದುಕೊಂಡು ಅದೇ ಮಧ್ಯಾಹ್ನ ಗದ್ದೆಗೆ ಹೋದೆ. ಅವನು ಪೈಪಿಗೆ ಹಳೆಯ ಟ್ಯೂಬು ಸುತ್ತುತ್ತಿದ್ದ. ಓದಿ ಹೇಳಿದೆ. ಕೊನೆಯ ಸಾಲು ಮುಗಿಯುವವರೆಗೂ ಕೈ ನಿಲ್ಲಿಸಲಿಲ್ಲ.

"ಇನ್ನೊಂದ್ಸಲ ಓದಿ" ಎಂದ. ಓದಿದೆ.

"ಸುಳ್ಳು ಬರ್ದವ್ರೆ."

"ಓದ್ಕಂಡಿರೋರು, ಸರ್ಕಾರದೋರು. ಸುಳ್ಳು ಯಾಕೆ ಬರೀತಾರೆ?" ಎಂದೆ.

"ಕನಿಕರಕ್ಕೆ ಬರ್ದವ್ರೆ ಅತ್ತಿಗೆ. ನಮ್ಮಣ್ಣನ್ ಕೈ ಆಡ್ತು. ಮೂರ್ಸಲ. ನನ್ ಕಣ್ಣೇ ನಂಗೆ ಮೋಸ ಮಾಡಿದ್ರೆ ಸಾಕು ಅಂದ್ಕಂಡಿದ್ದೆ, ಅದಕ್ಕೇ ಕೇಳ್ಸಿದ್ದು. ಈಗ ಮೋಸ ಅಲ್ಲ ಅಂತ ಗೊತ್ತಾಯ್ತು."

"ಇದರಲ್ಲಿ ಆಡಲಿಲ್ಲ ಅಂತ ಇದೆಯಲ್ಲೋ."

"ಕೈ ಆಡ್ತಿದ್ದಂಗೇ ಅವ್ರ ತೋಳು ಬಿಗೀತು. ಕಾಣ್ದೇ ಇದ್ರೆ ಯಾಕೆ ಬಿಗೀತದೆ?"

ನಾನು ಕಾಗದ ಮಡಚಿಟ್ಟುಕೊಂಡು ಬಂದೆ. ಅವನು ನಿಮ್ಮ ಮೇಲೆ ಸಿಟ್ಟಾಗಿಲ್ಲ. ನಿಮ್ಮಂಥವರೇ ಮುಚ್ಚಿಡಬೇಕಾದಷ್ಟು ದೊಡ್ಡದು ತನ್ನಿಂದ ಆಗಿದೆ ಎಂದು ತಿಳಿದಿದ್ದಾನೆ. ಕಾಗದ ಬರುವ ಮೊದಲು ಕೊಡಗಿಗೆ ಹೋಗುವುದು ಬರಿಯ ಮಾತಾಗಿತ್ತು. ಈಗ ಬಟ್ಟೆ ಗಂಟು ಕಟ್ಟಿಟ್ಟಿದ್ದಾನೆ. ನಾಟಿ ಮುಗಿಸಿ ಹೊರಡುತ್ತಾನಂತೆ. ನಾಟಿ ಮುಗಿಯಲು ಇನ್ನು ಎರಡು ಎರಡೂವರೆ ತಿಂಗಳು.

ನೀವು ಒಳ್ಳೆಯದಕ್ಕೇ ಬರೆದಿರಿ. ಆದರೆ ಮನೆಯಲ್ಲಿ ಉಳಿದಿರುವುದು ಮೂರೇ ಜನ, ಮೂವರ ನಡುವೆ ಆಗಲೇ ಬೇಕಾದಷ್ಟು ಮುಚ್ಚಿಟ್ಟದ್ದು ಇದೆ. ನೀವೂ ಸೇರಬೇಡಿ. ಕಂಡದ್ದನ್ನು ಬರೆಯಿರಿ.

ಇನ್ನೊಂದು. ದೀಪ ಯಾಕೆ ಆರಲಿಲ್ಲ? ಏಣಿಯ ಮೊಳೆಗೆ ನೇತುಹಾಕಿದ್ದ ಲಾಟೀನು ಅವರನ್ನು ಮೇಲೆತ್ತಿದ ಮೇಲೂ ಉರಿಯುತ್ತಿತ್ತು. ನಿಮ್ಮವರೊಬ್ಬರು ಆಮೇಲೆ ಅದನ್ನು ಆರಿಸಿದರು.

ವನಿತಾ

◆

ನಂಜನಗೂಡು
೧೭ ಆಗಸ್ಟ್ ೨೦೨೪

ವನಿತಾ ಅವರಿಗೆ,

ಎರಡೂವರೆ ತಿಂಗಳಾಯಿತು. ನಾಟಿ ಮುಗಿದಿರಬಹುದು. ಹಾಗಿದ್ದರೆ ಈ ಪತ್ರ ತಡವಾದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ಕೇಳುವ ಹಕ್ಕಿಲ್ಲ.

ನಾನು ಬರೆದದ್ದು ಸುಳ್ಳು. ನಿಜ ಹೇಳಲು ಎರಡು ಹಾಳೆ ಬೇಕಾಗಿತ್ತು, ಸುಳ್ಳಿಗೆ ಒಂದು ಸಾಲು ಸಾಕಾಯಿತು. ಬರೆದ ಮೇಲೆ ಹಗುರವೂ ಆಯಿತು. ಹಗುರವಾದಾಗಲೇ ನನಗೆ ಅನುಮಾನ ಬರಬೇಕಿತ್ತು.

ಕೈ ಆಡಿತು. ಎಡಗೈ. ನಿಮ್ಮ ಮೈದುನರು ಮೂರು ಸಲ ಎಂದಿದ್ದಾರೆ, ನಾನು ಕಂಡದ್ದು ಎರಡು. ಆ ವ್ಯತ್ಯಾಸದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಮೊದಲನೆಯದನ್ನು ನಾನು ತಪ್ಪಿಸಿಕೊಂಡಿರಬಹುದು.

ಗಾಡಿಯಿಂದ ಇಳಿದಾಗ ನಿಮ್ಮ ಮನೆಯ ಗೇಟಿನಲ್ಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಹಿತ್ತಲಿಗೆ ಬಂದರೆ ನಿಮ್ಮ ಮೈದುನರು ಮುಖಕ್ಕೆ ಒದ್ದೆ ಟವಲು ಕಟ್ಟಿಕೊಂಡು ಏಣಿಗೆ ಕಾಲಿಡುತ್ತಿದ್ದರು. ಹಿಡಿದುಕೊಂಡೆ. ಅವರು ಕೊಸರಾಡುತ್ತ, "ವಾಸ್ನೆ ಏನೂ ಇಲ್ಲ ಸಾ, ಎಲ್ಲಾ ಓಗದೆ, ಬುಡಿ" ಎಂದರು. ಗೇಟಿನಲ್ಲಿ ನನಗೆ ಬಂದ ವಾಸನೆ ಗುಂಡಿಯ ಅಂಚಿನಲ್ಲಿ ನಿಂತವರಿಗೆ ಬರುತ್ತಿಲ್ಲ. ಯಂತ್ರ ಇಟ್ಟು ಗಾಳಿ ಅಳೆಯುವ ಮೊದಲೇ ನನಗೆ ತಿಳಿದುಹೋಯಿತು. ಆ ಗಾಳಿ ಸ್ವಲ್ಪವಿದ್ದಾಗ ನಾರುತ್ತದೆ. ಹೆಚ್ಚಾದಾಗ ಮೊದಲು ಮೂಗನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು ಅನ್ನಿಸಿದರೆ ವಾಸನೆ ಹೋಗಿರುವುದಿಲ್ಲ, ಮೂಗು ಹೋಗಿರುತ್ತದೆ. ಆಮೇಲೆ ಇರುವುದು ಕೆಲವು ಉಸಿರು.

ನಿಮ್ಮ ಮೈದುನರು ಆ ಮಾತು ಹೇಳಿದ ಮೇಲೆಯೇ ಕೆಳಗೆ ಕೈ ಆಡಿದ್ದು ಕಂಡಿತು. ಆಗ ಬಿಡಬಹುದಿತ್ತು. ನಾನು ಬಿಗಿ ಹಿಡಿದೆ. ಲೆಕ್ಕ ಹಾಕಿ ಹಿಡಿಯಲಿಲ್ಲ. ಮದನನೂ ರವಿಕುಮಾರನೂ ನನ್ನ ಹಿಂದೆ ಮುಖವಾಡ ಬಿಗಿದುಕೊಳ್ಳುತ್ತಿದ್ದರು, ಸಿಲಿಂಡರಿನ ಶಬ್ದ ಕೇಳಿಸುತ್ತಿತ್ತು. ಅವರು ತಿಮ್ಮಯ್ಯನವರನ್ನು ಮೇಲೆ ತರುವಷ್ಟರಲ್ಲಿ ಉಸಿರು ನಿಂತಿತ್ತು. ನಾಲ್ಕು ನಿಮಿಷ ಎಂದು ದಾಖಲೆಯಲ್ಲಿದೆ. ನನ್ನ ದಾಖಲೆಯಲ್ಲಿ ಅದಕ್ಕೆ ಅಂಕಿ ಇಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ವರ್ಷ, ನಾನೇ ಒಂದು ಗುಂಡಿಗೆ ಇಳಿದಿದ್ದೆ. ಕೋಳಿ ಫಾರಮ್ಮಿನ ಹಿಂದಿನ ಕೊಳಚೆ ಗುಂಡಿ. ಒಳಗೆ ಬಿದ್ದವನ ತಾಯಿ ನನ್ನ ಕಾಲು ಹಿಡಿದುಕೊಂಡರು. ಸೆಟ್ಟು ಬರುವವರೆಗೆ ಕಾಯಲಿಲ್ಲ. ನಮ್ಮ ಮೇಲಧಿಕಾರಿ ಪುಟ್ಟಬಸವಯ್ಯ ನನ್ನ ಸೊಂಟಕ್ಕೆ ಹಗ್ಗ ಸಿಕ್ಕಿಸಿದ್ದರು, ನನಗೆ ಗೊತ್ತೇ ಆಗದ ಹಾಗೆ. ನನಗೆ ನೆನಪಿರುವುದು ಒಂದೇ. ನಾತ ಇದ್ದಕ್ಕಿದ್ದಂತೆ ನಿಂತಿತು, ಎಂಥ ಸುಖ ಎನ್ನಿಸಿತು. ಮುಂದಿನದು ಆಸ್ಪತ್ರೆಯ ಫ್ಯಾನು. ಪುಟ್ಟಬಸವಯ್ಯ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತ ಬೈದರು. "ಲೇ, ಮೂಗು ನಂಬ್ತಾರೇನ್ಲಾ? ಈ ಕೇಸ್ನಲ್ಲಿ ಮೊದ್ಲು ಉಲ್ಟಾ ಹೊಡೆಯೋ ಸಾಕ್ಷಿ ಅದು." ಸುಲಿದ ಕಿತ್ತಳೆಯನ್ನು ಅವರೇ ತಿಂದರು.

ಹಗ್ಗದಲ್ಲಿ ಎಳೆಯುವಾಗ ನನ್ನ ಕೈಯೂ ಆಡುತ್ತಿತ್ತಂತೆ. ನಾನು ಯಾರನ್ನೂ ಕರೆಯುತ್ತಿರಲಿಲ್ಲ. ನೋವಿರಲಿಲ್ಲ, ಹೆದರಿಕೆಯಿರಲಿಲ್ಲ, ನಾನೇ ಅಲ್ಲಿರಲಿಲ್ಲ. ತಿಮ್ಮಯ್ಯನವರಿಗೂ ಹಾಗೇ ಇದ್ದಿರಬಹುದು. ಖಂಡಿತ ಎನ್ನಲಾರೆ. ನಾನು ತಿರುಗಿ ಬಂದವನು, ನನ್ನ ಮಾತಿಗೆ ಅಷ್ಟೇ ಬೆಲೆ.

ಗೊತ್ತಿರುವುದು ಒಂದು. ನಿಮ್ಮ ಮೈದುನರನ್ನು ಬಿಟ್ಟಿದ್ದರೆ ಅಣ್ಣ ಉಳಿಯುತ್ತಿರಲಿಲ್ಲ, ತಮ್ಮನೂ ಉಳಿಯುತ್ತಿರಲಿಲ್ಲ. ಕೋಳಿ ಫಾರಮ್ಮಿನ ಆ ತಾಯಿಯ ಇನ್ನೊಬ್ಬ ಮಗ ನನಗಿಂತ ಮೊದಲೇ ಇಳಿದಿದ್ದ. ಅವನಿಗೆ ಯಾರೂ ಹಗ್ಗ ಸಿಕ್ಕಿಸಿರಲಿಲ್ಲ.

ದೀಪದ ಬಗ್ಗೆ ಕೇಳಿದ್ದೀರಿ. ಹಗೇವಿನೊಳಗೆ ರಾಗಿಯೇ ಉಸಿರಾಡಿ ಗಾಳಿಯ ಸತ್ವವನ್ನು ತಿಂದಿರುತ್ತದೆ, ಅಲ್ಲಿ ದೀಪ ಆರುತ್ತದೆ. ನಿಮ್ಮ ಮಾವನವರು ಕಲಿಸಿದ್ದು ರಾಗಿಗೆ ಪೂರಾ ಸರಿ. ನಿಮ್ಮ ಗುಂಡಿಯಲ್ಲಿ ಹೊತ್ತಿಕೊಳ್ಳುವ ಗ್ಯಾಸು ಹಗುರ, ಬಾಯಿ ತೆಗೆದ ದಿನವೇ ಮೇಲೆ ಹಾರಿಹೋಗಿತ್ತು. ಸಗಣಿ ಬಗ್ಗಡದಲ್ಲಿ ವಿಷ ಪದರದ ಕೆಳಗೆ ಮಲಗಿರುತ್ತದೆ, ಒಡೆದಾಗ ಏಳುತ್ತದೆ. ಎದ್ದ ಮೇಲೂ ದೀಪ ಉರಿಯಲು ಬೇಕಾದ ಗಾಳಿ ಅಲ್ಲೇ ಇರುತ್ತದೆ. ದೀಪಕ್ಕೆ ಒಂದೇ ಪ್ರಶ್ನೆ ಗೊತ್ತು. ಆವತ್ತು ಕೇಳಬೇಕಾಗಿದ್ದದ್ದು ಬೇರೆ.

ಶಿವರಾಜು

◆

ಸೋಮನಾಥಪುರ
೩೦ ಆಗಸ್ಟ್ ೨೦೨೪

ಶಿವರಾಜಣ್ಣನವರಿಗೆ,

ಮಂಟೇಸ್ವಾಮಿ ಇನ್ನೂ ಹೋಗಿಲ್ಲ. ನಾಟಿ ಮುಗಿಯಿತು. ಕಳೆ ಕೀಳುವವರೆಗೆ ಇರುತ್ತೇನೆ ಎಂದ. ಏನೋ ಕಾಯುತ್ತಿದ್ದಾನೆ, ಏನೆಂದು ಹೇಳುವುದಿಲ್ಲ.

ನಿಮ್ಮ ಕಾಗದವನ್ನು ಅವನಿಗೆ ಓದಿಲ್ಲ. ನಾನು ನಾಲ್ಕು ಸಲ ಓದಿದೆ. ಅತ್ತೆಗೆ ಒಂದು ಸಲ ಓದಿ ಹೇಳಿದೆ. ಕೈ ಆಡಿದ್ದು, ನೋವಿರಲಿಲ್ಲ ಅಂದದ್ದು, ಎಲ್ಲ ಕೇಳಿಸಿಕೊಂಡರು. ಅಳಲಿಲ್ಲ. "ಆ ಕೋಳಿ ಪಾರಮ್ಮಿನ ಎಂಗ್ಸು ಈಗೆಲ್ಲವ್ಳಂತೆ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ಈ ಸಾಹೇಬ್ರ ಅವ್ವ ಇದಾರಂತಾ?" ಎಂದರು. ಅದೂ ಗೊತ್ತಿಲ್ಲ ಎಂದೆ. "ಮತ್ತೇನ್ ಓದ್ದೆ ಅಷ್ಟೊತ್ತು" ಎಂದು ಎದ್ದು ಹೋದರು.

ನೀವು ಬರೆದದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೈ ಅಲ್ಲ, ದೀಪ. ಅದನ್ನು ಹಚ್ಚಿಕೊಟ್ಟವಳು ನಾನು. ಲಾಟೀನು ಅಟ್ಟದ ಮೇಲಿತ್ತು. ಇಳಿಸಿ, ಬತ್ತಿ ಕತ್ತರಿಸಿ, ಮಸಿ ಹಿಡಿದ ಗಾಜನ್ನು ಬೂದಿಯಿಂದ ಉಜ್ಜಿ ಒರೆಸಿದೆ. ನನ್ನ ಗಂಡ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ಗುಂಡಿಗಿಳ್ಯೋ ಲಾಟೀನ್ಗೆ ಇಷ್ಟ್ ಸಿಂಗಾರ ಯಾಕಮ್ಮಿ, ಮದ್ವೆಗೆ ಕಳಿಸ್ತಿದೀಯಾ?" ಎಂದರು. ಉರಿ ಸಣ್ಣದಾಗಿತ್ತು, ಬತ್ತಿ ಏರಿಸಿಕೊಟ್ಟೆ. ಕೆಳಗೆ ಬಿಟ್ಟಾಗ ಚೆನ್ನಾಗಿ ಉರಿಯಿತು. ನನಗೆ ಖುಷಿಯಾಯಿತು.

ಇದನ್ನು ಯಾರಿಗೂ ಹೇಳಿಲ್ಲ. ಎಲ್ಲರೂ ಮಂಟೇಸ್ವಾಮಿ ಏನು ಮಾಡಲಿಲ್ಲ ಎಂದು ಮಾತಾಡುತ್ತಾರೆ. ನಾನು ಏನು ಮಾಡಿದೆ ಎಂದು ಒಬ್ಬರೂ ಕೇಳಿಲ್ಲ. ಅವನು ಹೊರಗಿರುವವರೆಗೆ ಕೇಳುವುದೂ ಇಲ್ಲ. ಅವನನ್ನು ಕರೆತರಬೇಕೆಂದು ನಾನು ಒದ್ದಾಡುವುದರಲ್ಲಿ ಇದೂ ಒಂದು ಇದೆ, ಅವನ ಪಾಲಿಗೆ ಬಂದದ್ದರಲ್ಲಿ ಅರ್ಧ ನನ್ನದು.

ನಿಮ್ಮ ಪತ್ರವನ್ನು ಅವನಿಗೆ ಓದಲೇ? ಜೀವ ಇತ್ತು ಎಂದು ನೀವು ಬರೆದುಬಿಟ್ಟಿದ್ದೀರಿ. ಓದಿದರೆ ಅವನು ಹೋಗಬಹುದು.

ವನಿತಾ

◆

ನಂಜನಗೂಡು
೧೪ ಸೆಪ್ಟೆಂಬರ್ ೨೦೨೪

ತಂಗಿ ವನಿತಾಗೆ,

ನಮ್ಮ ತಾಯಿ ಹೋಗಿ ಆರು ವರ್ಷವಾಯಿತೆಂದು ನಿಮ್ಮ ಅತ್ತೆಯವರಿಗೆ ತಿಳಿಸಿ. ಕಳಲೆಯ ಮನೆಯಲ್ಲಿ ಈಗ ಅಣ್ಣ ಇದ್ದಾನೆ. ಕೋಳಿ ಫಾರಮ್ಮಿನ ತಾಯಿ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅದನ್ನು ನನಗೆ ಕೇಳಿದವರು ನಿಮ್ಮ ಅತ್ತೆಯೊಬ್ಬರೇ.

ಗಾಜು ಒರೆಸಿದ್ದರ ಬಗ್ಗೆ ನಿಮಗೆ ಸಮಾಧಾನ ಹೇಳಲು ಹೊರಟು ಮೂರು ಹಾಳೆ ಹರಿದೆ. ಸಮಾಧಾನ ಹೇಳುವುದರಲ್ಲಿ ನಾನು ಒಮ್ಮೆ ಕೆಟ್ಟಿದ್ದೇನೆ. ಆದ್ದರಿಂದ ಇಷ್ಟು ಮಾತ್ರ. ಇಳಿಯುವವನು ಮೇಲೆ ಬರಲಿ ಎಂದು ಬಯಸುವವರೇ ಗಾಜು ಒರೆಸಿ ಕೊಡುವುದು. ಮಿಕ್ಕವರು ಮಸಿ ಹಿಡಿದದ್ದನ್ನೇ ಕೊಡುತ್ತಾರೆ.

ಹೋದ ವಾರ ತಾಂಡವಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸಗಾರರಿಗೆ ತರಬೇತಿ ಕೊಟ್ಟೆ. ಗುಂಡಿಯಲ್ಲಿ ಕೆಟ್ಟ ಗಾಳಿ ಇದೆಯೆಂದು ಹೇಗೆ ತಿಳಿಯುತ್ತೀರಿ ಎಂದರೆ ಎಲ್ಲರೂ ಒಟ್ಟಿಗೆ ವಾಸನೆ ಎಂದರು. ಒಬ್ಬರು ಹಿರಿಯರು ದೀಪ ಎಂದರು. ನಾನು ತಿಮ್ಮಯ್ಯನವರು ಕೆಳಗಿನಿಂದ ಕೂಗಿದ ಮಾತನ್ನು ಹೇಳಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಆ ಮಾತು ಬಾಯಿಗೆ ಬಂದಾಗಲೇ ಏಣಿ ಹತ್ತಬೇಕು, ಮೇಲಿರುವವನು ಕೆಳಗೆ ಇಳಿಯಬಾರದು ಎಂದೆ. ಹೊರಗೆ ಬಂದ ಮೇಲೆ ನಿಮ್ಮನ್ನು ಕೇಳದೆ ಹೇಳಿದೆನಲ್ಲ ಎನ್ನಿಸಿತು. ಬೇಡವೆಂದರೆ ಇನ್ನು ಹೇಳುವುದಿಲ್ಲ.

ಓದಿ ಎಂದಾಗಲಿ ಓದಬೇಡಿ ಎಂದಾಗಲಿ ನಾನು ಹೇಳಲಾರೆ. ಅವರು ನಿಜ ಕೇಳಿದ್ದರು. ನಾನು ತಡವಾಗಿ ಕೊಟ್ಟೆ. ಈಗ ಅದು ನಿಮ್ಮ ಕೈಯಲ್ಲಿದೆ.

ಶಿವರಾಜು

◆

ಸೋಮನಾಥಪುರ
೨ ಅಕ್ಟೋಬರ್ ೨೦೨೪

ಶಿವರಾಜಣ್ಣನವರಿಗೆ,

ಇವತ್ತು ಮಾರ್ನಮಿ ಅಮಾವಾಸ್ಯೆ. ಸತ್ತವರಿಗೆ ಎಡೆ ಇಡುವ ದಿನ. ಅಣ್ಣನಿಗೆ ಎಡೆ ಇಡಲು ಮಂಟೇಸ್ವಾಮಿ ಬಂದಿದ್ದಾನೆ, ಜಗಲಿಯ ಮೇಲೆ ಕೂತಿದ್ದಾನೆ, ಬಾಗಿಲು ದಾಟಿಲ್ಲ. ನಿಮ್ಮ ಆಗಸ್ಟಿನ ಪತ್ರ ಓದಿದೆ. ಅವನು ನಿಮಗೆ ಬರೆಯಬೇಕಂತೆ. ಅವನಿಗೆ ಸಹಿ ಬಿಟ್ಟರೆ ಬರೆಯಲು ಬರುವುದಿಲ್ಲ. ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ಒಂದಕ್ಷರ ತಿದ್ದುವುದಿಲ್ಲವೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾನೆ.

ಸಾ, ನಾನು ಮಂಟೇಸ್ವಾಮಿ. ನೀವು ಎರಡ್ಸಲ ಅಂತ ಬರ್ದಿದೀರಿ, ನಾನು ಮೂರು ಅಂದಿದ್ದೆ. ಎರಡೇ ಇರ್ಬೋದು. ನೀವು ನಿಮ್ ಸುಳ್ಳು ಒಪ್ಕಂಡ್ರಿ. ನಂದೂ ಒಂದದೆ, ಅದ್ನೂ ತಕಳಿ.

ನೀವು ಇಡ್ಕಂಡ್ಬುಟ್ರಿ, ಇಲ್ದಿದ್ರೆ ಇಳೀತಿದ್ದೆ ಅಂತ ನಾನು ಊರ್ಗೆಲ್ಲಾ ಏಳ್ಕಂಡು ಬಂದಿವ್ನಿ. ಅವ್ವಂಗೂ ಏಳಿವ್ನಿ, ಅತ್ತಿಗೇಗೂ ಏಳಿವ್ನಿ. ನೀವು ಇಡ್ಕಂಡಿದ್ದು ನಿಜ. ನಾನು ಕೊಸರಾಡಿದ್ದು ನಿಜ. ಆಮೇಲೆ ನಮ್ಮಣ್ಣನ್ ಕೈ ಆಡ್ತಲ್ಲ, ಆಗ ನಾನು ಇನ್ನೂ ಜೋರಾಗಿ ಕೊಸರಾಡ್ಬೇಕಾಗಿತ್ತು. ನಾನು ಸುಮ್ಕಾದೆ ಸಾ. ನಿಮ್ ತೋಳು ಬಿಗೀತು, ನಂಗೆ ಒಳ್ಗೆ ಅಬ್ಬಾ ಅನ್ನುಸ್ತು. ಇನ್ನು ಇವ್ರು ಬುಡಾಕಿಲ್ಲ, ನಾನು ಇಳಿಯಂಗಿಲ್ಲ, ಬದುಕ್ಕಂಡೆ ಅಂತ. ಕೆಳ್ಗೆ ನಮ್ಮಣ್ಣ ಇವ್ನೆ, ಮೇಲೆ ನಾನು ಅಬ್ಬಾ ಅಂತಿವ್ನಿ.

ಅತ್ತಿಗೆ ಬರಿಯೋದು ನಿಲ್ಸವ್ರೆ. ಬರೀರಿ ಅತ್ತಿಗೆ, ಮಾತು ಕೊಟ್ಟಿದೀರಿ.

ಜೀವ ಇತ್ತಾ ಇರ್ಲಿಲ್ವಾ ಅಂತ ನಾನು ಕೇಳ್ಸಿದ್ದು ಇದಕ್ಕೇ. ಇರ್ಲಿಲ್ಲ ಅಂದಿದ್ರೆ ಆ ಅಬ್ಬಾ ಅನ್ನೋದು ಯಾರ್ಗೂ ನಷ್ಟ ಮಾಡ್ನಿಲ್ಲ ಅಂದ್ಕಂತಿದ್ದೆ. ಇತ್ತು. ಈಗ ಅದ್ನ ಎಲ್ಲಿಡ್ಲಿ ಸಾ? ನೀವು ಇಂಥ ಕೆಲ್ಸ ಮಾಡೋರು, ನಿಮ್ಗೆ ಗೊತ್ತಿರ್ತದೆ ಅಂತ ಕೇಳ್ತಿವ್ನಿ. ನಿಮ್ ಮೇಲೆ ನಂಗೆ ಸಿಟ್ಟಿಲ್ಲ.

ಮಂಟೇಸ್ವಾಮಿ (ಸಹಿ ಅವನದು)

ಅಣ್ಣಾ, ಅವನು ಜಗಲಿಯಲ್ಲೇ ಎಡೆ ಇಟ್ಟು, ಕೈ ಮುಗಿದು, ಗದ್ದೆಗೆ ವಾಪಸು ಹೋದ. ನಾನು ತಡೆಯಲಿಲ್ಲ. ಬರೆದ ಕೈ ನನ್ನದೇ, ಆದರೂ ಆ ಹೊತ್ತಿನಲ್ಲಿ ಅವನನ್ನು ಕರೆಯಲು ಬಾಯಿ ಬರಲಿಲ್ಲ. ನನ್ನ ಗಂಡನ ಆ ಮಾತನ್ನು ನೀವು ತರಬೇತಿಯಲ್ಲಿ ಹೇಳುತ್ತಿರಿ. ಹೆಸರನ್ನೂ ಹೇಳಿ.

ವನಿತಾ

◆

ನಂಜನಗೂಡು
೧೧ ಅಕ್ಟೋಬರ್ ೨೦೨೪

ಮಂಟೇಸ್ವಾಮಿ ಅವರಿಗೆ,

ಇದನ್ನು ನಿಮಗೆ ಅತ್ತಿಗೆಯವರೇ ಓದಬೇಕು. ನೀವು ಹೇಳಿದ್ದನ್ನು ಬರೆದವರು ಅವರು, ಇದನ್ನು ಓದುವುದು ಅದಕ್ಕಿಂತ ಕಷ್ಟವಾಗಲಾರದು.

ನೀವು ಸುಮ್ಮನಾದದ್ದು ನನಗೆ ಆಗಲೇ ಗೊತ್ತಾಗಿತ್ತು. ಒಬ್ಬ ಮನುಷ್ಯನನ್ನು ತಬ್ಬಿ ಹಿಡಿದವನಿಗೆ ಅದು ಗೊತ್ತಾಗದೆ ಇರುವುದಿಲ್ಲ. ಕೈ ಆಡಿತು, ನಾನು ಬಿಗಿದೆ, ನೀವು ಎಳೆಯುವುದನ್ನು ಬಿಟ್ಟಿರಿ. ಎಂಟು ತಿಂಗಳಿಂದ ನನಗೆ ಗೊತ್ತು. ಆಗ ನನಗೂ ಅಬ್ಬಾ ಅನ್ನಿಸಿತು. ನನ್ನ ತೋಳು ಸೋಲುತ್ತಿತ್ತು. ನೀವು ಇನ್ನೊಂದು ಸಲ ಜೋರಾಗಿ ಕೊಸರಿದ್ದರೆ ಬಿಟ್ಟುಹೋಗುತ್ತಿತ್ತು. ನಿಮ್ಮನ್ನು ಉಳಿಸಿದ್ದು ನಾನೊಬ್ಬನೇ ಅಲ್ಲ.

ನಾನು ಗುಂಡಿಗೆ ಇಳಿದ ದಿನ ನನಗೆ ಹೆದರಿಕೆಯೇ ಇರಲಿಲ್ಲ. ಜನ ಅದನ್ನು ಧೈರ್ಯ ಎಂದರು. ತಿಳಿವಳಿಕೆ ಇರಲಿಲ್ಲ, ಅಷ್ಟೇ. ನಿಮ್ಮ ಮೂಗು ಆವತ್ತು ಸುಳ್ಳು ಹೇಳಿತು, ಕಣ್ಣು ಅಣ್ಣನ ಕೈಯನ್ನು ತೋರಿಸಿತು. ನಿಜ ತಿಳಿದದ್ದು ನಿಮ್ಮ ಮೈಗೆ. ಅದು ಸುಮ್ಮನಾಯಿತು.

ಎಲ್ಲಿಡಲಿ ಎಂದು ಕೇಳಿದ್ದೀರಿ. ನನಗೂ ಗೊತ್ತಿಲ್ಲ. ನನ್ನದನ್ನು ಇಷ್ಟು ದಿನ ಯಾರಿಗೂ ಕಾಣದ ಹಾಗೆ ಇಟ್ಟುಕೊಂಡಿದ್ದೆ, ಅದರಿಂದ ಪ್ರಯೋಜನವಾಗಲಿಲ್ಲ ಎಂದಷ್ಟು ಹೇಳಬಲ್ಲೆ. ಜೀವ ಇದ್ದರೆ ಒಳಗೆ ಬರುವುದಿಲ್ಲ ಎಂದು ಮಾತಾಡಿದ್ದೀರಿ. ಆ ಮಾತನ್ನು ಬಿಡಿಸುವ ಅಧಿಕಾರ ನನಗಿಲ್ಲ. ಕೇಳಿಕೊಳ್ಳಬಹುದು, ಕೇಳಿಕೊಳ್ಳುತ್ತಿದ್ದೇನೆ.

ಶಿವರಾಜು

◆

ಸೋಮನಾಥಪುರ
೨೪ ನವೆಂಬರ್ ೨೦೨೪

ಶಿವರಾಜಣ್ಣನವರಿಗೆ,

ನಿಮ್ಮ ಪತ್ರ ಬಂದು ತಿಂಗಳ ಮೇಲಾಯಿತು. ಮೊದಲ ನಾಲ್ಕು ವಾರ ನಾನು ಅದನ್ನು ಅವನಿಗೆ ತಲುಪಿಸಲಿಲ್ಲ. ಸಿಟ್ಟು ಎಂದರೆ ಸಿಟ್ಟಲ್ಲ. ಅವನು ಬದುಕಿಕೊಂಡೆ ಎಂದುಕೊಂಡ ಹೊತ್ತಿನಲ್ಲೇ ಅವರು ಕೆಳಗೆ ಇದ್ದರಲ್ಲ ಎಂಬುದು ಅನ್ನ ಬಸಿಯುವಾಗ, ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಬಂದು ನಿಲ್ಲುತ್ತಿತ್ತು. ಕೊನೆಗೊಂದು ದಿನ ಅತ್ತೆಗೆ ಎಲ್ಲ ಹೇಳಿದೆ. ಅವನದೂ ಹೇಳಿದೆ, ಲಾಟೀನಿನದೂ ಹೇಳಿದೆ. ಲಾಟೀನಿಗೆ ಅವರು, "ನಿಮ್ಮಾವ ಇಳಿಯೋವಾಗ ನಾನೂ ಅಚ್ಚಿಕೊಡ್ತಿದ್ದೆ ಕಣವ್ವ" ಎಂದಷ್ಟೇ ಅಂದರು. ಆಮೇಲೆ ಕೋಲು ತೆಗೆದುಕೊಂಡು "ನಡಿ" ಎಂದರು.

ಗದ್ದೆಗೆ ಮುಕ್ಕಾಲು ಗಂಟೆ ಹಿಡಿಯಿತು. ಬದುವಿನ ಮೇಲೆ ಎರಡು ಕಡೆ ಕೂತರು. ನಮ್ಮನ್ನು ನೋಡಿ ಅವನು ಎದ್ದು ನಿಂತ. ನಾನು ನಿಮ್ಮ ಕಾಗದ ಓದಿದೆ. ಅವನು ನೆಲ ನೋಡುತ್ತಿದ್ದ. ಅತ್ತೆ ಪಂಪ್‌ಸೆಟ್ ಮನೆಯ ಒಳಗೆ ಇಣುಕಿ, ಮೂರು ಕಲ್ಲಿನ ಒಲೆ, ಕಟ್ಟಿಟ್ಟ ಬಟ್ಟೆ ಗಂಟು, ಎಲ್ಲವನ್ನೂ ನೋಡಿದರು.

"ಚೆಂದಾಗ್ ಮಾಡ್ಕಂಡಿದೀಯ" ಎಂದರು. "ಇದ್ರ ಪಕ್ಕದಾಗೆ ನಂಗೂ ಒಂದು ಕಟ್ಟುಸ್ಕೊಡು."

"ನಿಂಗ್ಯಾಕವ್ವ?"

"ಆ ಸಾಹೇಬ್ರು ನಿನ್ನ ಇಡ್ಕಂಡ್ರಲ್ಲ, ಆಗ ನಾನು ಇತ್ತಲ ಬಾಗ್ಲಲ್ಲಿ ನಿಂತ್ಕಂಡು ಸೂರ್ಯಂಗೆ ಕೈ ಮುಗ್ದೆ ಕಣ್ಲಾ. ಬುಡಬೇಡ ಕಣಪ್ಪಾ, ಇವ್ನೊಬ್ನಾದ್ರೂ ಮೇಲಿರ್ಲಿ ಅಂತ. ಕೆಳಗ್ ಬಿದ್ದಿರೋನೂ ನನ್ ಹೊಟ್ಟೇಲ್ ಉಟ್ಟಿದ್ದೋನೇ. ನೀನು ಅಬ್ಬಾ ಅಂದಿದ್ದಕ್ಕೆ ಗದ್ದೆಗ್ ಬಂದೆ. ಎತ್ತೋಳು ನಾನು, ನಾನೆಲ್ಲಿಗ್ ಓಗ್ಲಿ?"

ಅವನು ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಬೆಂಕಿಗೆ ನೀರು ಚೆಲ್ಲಿದ. ಬರುವಾಗ ಬದುವಿನಲ್ಲಿ ಅತ್ತೆಯನ್ನು ಬೆನ್ನ ಮೇಲೆ ಹೊತ್ತುಕೊಂಡ. "ನಿಧಾನ ಕಣ್ಲಾ, ಬೀಳ್ಸೀಯ" ಎಂದು ದಾರಿಯುದ್ದಕ್ಕೂ ಬೈದರು.

ಬಾಗಿಲು ದಾಟುವಾಗ ನಾನು ಒಲೆಯ ಕಡೆ ತಿರುಗಿಕೊಂಡಿದ್ದೆ. ಅವನು ದಾಟಿದ್ದನ್ನು ನಾನು ನೋಡಲಿಲ್ಲ.

ಮೊದಲ ಎರಡು ದಿನ ತಲೆ ಎತ್ತದೆ ಉಂಡ. ನಿನ್ನೆ ಮಧ್ಯಾಹ್ನ ಹುರುಳಿ ಸಾರು. ಎರಡು ತುತ್ತು ಮುದ್ದೆ ನುಂಗಿ, "ಉಪ್ಪು ಕಮ್ಮಿ ಆಗದೆ ಅತ್ತಿಗೆ" ಎಂದ. "ನಿಮ್ಮಣ್ಣನಿಗೆ ಇಷ್ಟೇ ಸಾಕಾಗ್ತಿತ್ತು" ಎಂದೆ. ಬಾಯಿ ಜಾರಿ ಬಂದುಬಿಟ್ಟಿತು. ಅತ್ತೆ ಉಪ್ಪಿನ ಡಬ್ಬಿಯನ್ನು ಅವನ ತಟ್ಟೆಯ ಕಡೆಗೆ ತಳ್ಳಿದರು.

ನಿಮ್ಮ ತಂಗಿ,
ವನಿತಾ